ದಾಯ್ತಿ ಬೆಟ್ಟದ ಊಟ: ನೀವು ಕೇಳಿದ್ದು, ನಾವು ಉಂಡದ್ದು

ಹೋದ ಸಂಚಿಕೆಯಲ್ಲಿ ಅಲ್ಬೇನಿಯಾದ ದಾಯ್ತಿ ಬೆಟ್ಟದ ಮೇಲೆ ನಾವು ಮಾಡಿದ ಒಂದು ಮಧ್ಯಾಹ್ನದ ಊಟದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಓದದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನನ್ನ ತಂಗಿಯ ಮಗ ಇಟಲಿಯ ಬಾರಿ ಎಂಬ ಊರಿನಲ್ಲಿ ಕೆಲಸಕ್ಕಿದ್ದಾನೆ. ಅವನನ್ನು ನೋಡಲು ಬಳ್ಳಾರಿಯಿಂದ ನಾನು, ನಮ್ಮ ಯಜಮಾನರು, ನನ್ನ ಅವ್ವ ಹೋಗಿದ್ದೆವು. ಎದುರು ದಡದ ಅಲ್ಬೇನಿಯಾಕ್ಕೆ ಅಲ್ಲಿಂದ ರಾತ್ರಿ ಹಡಗು ಇದೆ ಎಂದು ಗೊತ್ತಾಗಿ ನಾಲ್ಕೂ ಜನ ಹೊರಟೆವು. ರಾಜಧಾನಿ ಟಿರಾನಾದ ಪಕ್ಕದ ಬೆಟ್ಟಕ್ಕೆ ಕೇಬಲ್ ಕಾರ್‌ನಲ್ಲಿ ಹತ್ತಿ, ಮೇಲಿನ ಒಂದು ಹೋಟೆಲಿನಲ್ಲಿ ಮೂರೂವರೆ ಗಂಟೆ ಕೂತು ಉಂಡೆವು. ಮೊಸರು, ಮೆಕ್ಕೆಜೋಳದ ರೊಟ್ಟಿ, ಸುಟ್ಟ ಮೆಣಸಿನಕಾಯಿ, ಕುರಿ ಮಾಂಸ, ಜೇನು. ಇಷ್ಟಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರ: ಅಕ್ಕಾ, ಅಲ್ಬೇನಿಯಾ ಎಲ್ಲಿದೆ, ಎಷ್ಟು ದೊಡ್ಡದು, ಆ ಬೆಟ್ಟಕ್ಕೆ ಹೋಗೋದು ಹೇಗೆ? ವೀಸಾ ಏನು ಮಾಡಿದಿರಿ?
(ಸಿಂಧನೂರಿನ ಓದುಗರು)

ಉ: ಗ್ರೀಸ್ ದೇಶದ ಮೇಲ್ಭಾಗಕ್ಕೆ, ಸಮುದ್ರದಾಚೆ ಇಟಲಿಗೆ ಎದುರಾಗಿ ಇದೆ. ಬಹಳ ಚಿಕ್ಕ ದೇಶ. 2023ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 24 ಲಕ್ಷ ಜನ. ಹೊಸಪೇಟೆ ಇನ್ನೂ ನಮ್ಮ ಜೊತೆಗಿದ್ದಾಗ, 2011ರ ಜನಗಣತಿಯಲ್ಲಿ, ಬಳ್ಳಾರಿ ಜಿಲ್ಲೆಯ ಜನಸಂಖ್ಯೆಯೂ ಹತ್ತಿರ ಹತ್ತಿರ ಅಷ್ಟೇ ಇತ್ತು. ಅಂದರೆ ನಮ್ಮ ಹಳೇ ಜಿಲ್ಲೆಯಷ್ಟು ಜನ ಇರುವ ಒಂದು ದೇಶ!

ಬಾರಿಯಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ದುರ್ರೆಸ್ ಬಂದರು. ಅಲ್ಲಿಂದ ಟಿರಾನಾಕ್ಕೆ ಬಸ್ಸಿದೆ. ದಾಯ್ತಿ ಬೆಟ್ಟ ಊರಿಗೆ ಅಂಟಿಕೊಂಡೇ ಇದೆ, ಪೂರ್ವಕ್ಕೆ. ತುದಿ 1,613 ಮೀಟರ್ ಎತ್ತರ. ಕೇಬಲ್ ಕಾರ್ ತುದಿಯ ತನಕ ಹೋಗುವುದಿಲ್ಲ, ಸಾವಿರ ಮೀಟರ್‌ಗಿಂತ ಸ್ವಲ್ಪ ಮೇಲೆ ಇಳಿಸುತ್ತದೆ. ಹೋಟೆಲುಗಳು ಇರುವುದೂ ಅಲ್ಲೇ. ಹದಿನೈದು ನಿಮಿಷದ ದಾರಿ. ಕೆಳಗೆ ಮನೆ, ತೋಟ, ಆಲಿವ್ ಮರ, ಆಮೇಲೆ ಸುಮ್ನೆ ಕಾಡು. ಕಿವಿ ಒಂದು ಸಲ ಮುಚ್ಚಿಕೊಳ್ಳುತ್ತದೆ. ಆಕಾಶ ತಿಳಿಯಾಗಿದ್ದರೆ ಮೇಲಿನಿಂದ ಟಿರಾನಾ ಪೂರ್ತಿ, ಅದರಾಚೆ ಬಯಲು, ಬಯಲಿನಾಚೆ ಸಮುದ್ರದ ಒಂದು ಗೆರೆ ಕಾಣುತ್ತದೆ.

ನಮಗೆ ಮೊದಲ ಎರಡು ಗಂಟೆ ಇದೇನೂ ಕಾಣಲಿಲ್ಲ. ಬರೀ ಮೋಡ. ಕಿಟಕಿ ಪಕ್ಕದ ಮೇಜೇ ಬೇಕು ಅಂತ ಕೇಳಿ ಕೂತಿದ್ದೆವು, ಆದರೆ ಕಿಟಕಿಯಾಚೆ ಹತ್ತಿ ತುಂಬಿಟ್ಟ ಹಾಗೆ ಬೆಳ್ಳಗೆ. ಊಟ ಮುಗಿಯುವ ಹೊತ್ತಿಗೆ ಮೋಡ ಸರಿಯಿತು. ಅದಕ್ಕೇ ಹೇಳುವುದು, ಬೆಟ್ಟದ ಊಟಕ್ಕೆ ಹೋಗುವವರು ಅರ್ಧ ದಿನ ಕೈಯಲ್ಲಿಟ್ಟುಕೊಂಡು ಹೋಗಿ. ಒಂದು ಫೋಟೋ ತೆಗೆದು, ಒಂದು ಕಾಫಿ ಕುಡಿದು ಇಳಿದುಬಿಡುವವರನ್ನು ನೋಡಿ ನನಗೆ ಬೇಜಾರಾಯಿತು. ಮೇಲಕ್ಕೆ ಹೋದ ಮೇಲೆ ಆ ಬೆಟ್ಟದವರು ಏನು ತಿನ್ನುತ್ತಾರೋ ಅದನ್ನು ಕೂತು ತಿನ್ನಬೇಕು, ಅಲ್ವಾ?

ವೀಸಾ ವಿಷಯ. ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಇದೆ, ಷೆಂಗೆನ್ ಅಂತ. ಹಲವು ಸಲ ಪ್ರವೇಶ ಇರುವ ಅದು ನಮ್ಮಲ್ಲಿತ್ತು, ಇಟಲಿಯಲ್ಲಿ ಅದನ್ನು ಬಳಸಿಯೂ ಆಗಿತ್ತು. ಹಾಗಾಗಿ ಅಲ್ಬೇನಿಯಾಕ್ಕೆ ಬೇರೆ ವೀಸಾ ಬೇಕಾಗಲಿಲ್ಲ. ಒಂದೇ ಸಲದ ವೀಸಾ ಇದ್ದವರು ಈ ಕಡೆ ಬಂದರೆ ವಾಪಸ್ ಇಟಲಿಗೆ ಹೋಗಲು ಆಗುವುದಿಲ್ಲ, ಇದನ್ನು ಮರೆಯಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ. ಅವರ ವಿದೇಶಾಂಗ ಸಚಿವಾಲಯದ ವೆಬ್‌ಸೈಟ್ ನೋಡಿಯೇ ಟಿಕೆಟ್ ಮಾಡಿಸಿ.

ಪ್ರ: ನಾವು ಮಾಂಸ, ಮೊಟ್ಟೆ ಎರಡೂ ಮುಟ್ಟುವುದಿಲ್ಲ. ಅಂಥ ಬೆಟ್ಟದ ಹೋಟೆಲಿನಲ್ಲಿ ನಮಗೇನು ಸಿಕ್ಕೀತು? ಚಪಾತಿ ಕಟ್ಟಿಕೊಂಡೇ ಹೋಗಬೇಕಾ?
(ಕೊಪ್ಪಳದ ಒಬ್ಬ ತಾಯಿ)

ಉ: ತಾಯಿ, ನನ್ನ ಅವ್ವನೂ ನಿಮ್ಮ ಹಾಗೆಯೇ. ಹತ್ತು ವರ್ಷದಿಂದ ಬಿಟ್ಟಿದ್ದಾಳೆ. ಚಪಾತಿ ನಾವೂ ಕಟ್ಟಿಕೊಂಡಿದ್ದೆವು. ಬಿಚ್ಚಲೇ ಇಲ್ಲ.

ಮೊದಲು ಬಂದದ್ದು ಮೆಕ್ಕೆಜೋಳದ ದಪ್ಪ ರೊಟ್ಟಿ, ಕೇಕಿನ ಹಾಗೆ ಕತ್ತರಿಸಿದ ತುಂಡುಗಳು. ಜೊತೆಗೆ ಕೋಸ್. ಕೋಸ್ ಅಂದರೆ ಮೊಸರು. ಚಾಕುವಿನಿಂದ ಕುಯ್ಯಬಹುದಾದಷ್ಟು ಗಟ್ಟಿ. ಆಮೇಲೆ ತುರ್ಶಿ, ಅಂದರೆ ಉಪ್ಪು ನೀರಲ್ಲಿ ಹುಳಿ ಬರಿಸಿದ ಎಲೆಕೋಸು, ಸೌತೆಕಾಯಿ, ಮೆಣಸಿನಕಾಯಿ. ನಮ್ಮ ಉಪ್ಪಿನಕಾಯಿಯ ಖಾರ ಎಣ್ಣೆ ಇಲ್ಲ, ಆದರೆ ಹುಳಿ ಚೆನ್ನಾಗಿದೆ. ಸುಟ್ಟು ಸಿಪ್ಪೆ ತೆಗೆದ ಕೆಂಪು ದೊಣ್ಣೆ ಮೆಣಸಿನಕಾಯಿಗೆ ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ಅವ್ವ ಅದನ್ನು ಎರಡು ಸಲ ಹಾಕಿಸಿಕೊಂಡಳು. ಆಮೇಲೆ ಫರ್ಗೆಸ್. ದೊಣ್ಣೆ ಮೆಣಸಿನಕಾಯಿ, ಟೊಮೆಟೊ ಕರಗಿಸಿ, ಅದಕ್ಕೆ ಗ್ಯೀಜ್ ಎಂಬ ಉದುರುದುರು ಗಿಣ್ಣದಂಥ ಚೀಸ್ ಬೆರೆಸಿ ಮಣ್ಣಿನ ಬಟ್ಟಲಲ್ಲಿ ಕುದಿಯುತ್ತಿರುವಾಗಲೇ ತಂದಿಡುತ್ತಾರೆ. ಇದು ಟಿರಾನಾದ್ದೇ ಅಡುಗೆ. ಆದರೆ ಎಚ್ಚರ, ಕೆಲವರು ಇದಕ್ಕೆ ಲಿವರ್ ಹಾಕುತ್ತಾರೆ. ಕೇಳಿಯೇ ಹೇಳಿ.

ಬ್ಯೂರೆಕ್ ಎಲ್ಲ ಕಡೆ ಸಿಗುತ್ತದೆ. ತೆಳು ಹಿಟ್ಟಿನ ಪದರಗಳ ನಡುವೆ ಪಾಲಕ್ ಅಥವಾ ಗ್ಯೀಜ್ ಇಟ್ಟು ಬೇಯಿಸುವುದು. ಒಳಗಿನ ಹೂರಣಕ್ಕೆ ಮೊಟ್ಟೆ ಒಡೆದು ಹಾಕುವವರೂ ಇದ್ದಾರೆ, ಅದನ್ನೂ ಕೇಳಿ. ದಕ್ಷಿಣಕ್ಕೆ ಗಿರೋಕಾಸ್ಟರ್ ಅಂತ ಕಲ್ಲಿನ ಊರಿದೆ, ಅಲ್ಲಿನ ಚಿಫ್ಚಿ ಅನ್ನದ ಉಂಡೆ ಕರಿದದ್ದು, ಪುದೀನಾ ವಾಸನೆ ಘಮ್ಮೆನ್ನುತ್ತದೆ. ಅದರಲ್ಲಿ ಮಾಂಸ ಇಲ್ಲ, ಆದರೆ ಮೊಟ್ಟೆ ಇದ್ದೇ ಇರುತ್ತದೆ, ನಿಮಗೆ ಆಗದು. ಬಿಳಿ ಬೀನ್ಸ್ ಕಾಳಿನ ಸಾರು ಸಿಕ್ಕೀತು, ಮಾಂಸದ ತುಂಡು ಹಾಕಿಲ್ಲ ತಾನೇ ಅಂತ ನೋಡಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಚೀಸ್ ಮಾಡುವಾಗ ಹಾಲು ಒಡೆಸಲು ಕರು, ಕುರಿಮರಿಯ ಹೊಟ್ಟೆಯಿಂದ ತೆಗೆದ ವಸ್ತು ಬಳಸುವ ಪದ್ಧತಿ ಹಳೆಯದು. ಅದೂ ಬೇಡ ಅನ್ನುವಷ್ಟು ಕಟ್ಟುನಿಟ್ಟು ನೀವಾದರೆ ಚೀಸ್ ಬಿಟ್ಟು ಮೊಸರಿಗೆ ಬನ್ನಿ. ಮೊಸರು, ಮೆಕ್ಕೆಜೋಳದ ರೊಟ್ಟಿ, ಸುಟ್ಟ ಮೆಣಸಿನಕಾಯಿ, ಜೇನು ಇಷ್ಟರಲ್ಲೇ ಹೊಟ್ಟೆ ತುಂಬುತ್ತದೆ.

ಮೂರು ಮಾತು ಕಲಿತುಕೊಳ್ಳಿ. "ನುಕ್ ಹಾ ಮಿಶ್" ಅಂದರೆ ನಾನು ಮಾಂಸ ತಿನ್ನುವುದಿಲ್ಲ. "ಪಾ ವೆಜ್" ಅಂದರೆ ಮೊಟ್ಟೆ ಇಲ್ಲದೆ. ಇಲ್ಲೊಂದು ಗೊಂದಲ ಇದೆ, ನಾವು ವೆಜ್ ಅಂದರೆ ಸಸ್ಯಾಹಾರ ಅಂದುಕೊಳ್ಳುತ್ತೇವೆ, ಅವರಿಗೆ ವೆಜ್ ಅಂದರೆ ಮೊಟ್ಟೆ! "ವೆಜ್, ವೆಜ್" ಅಂತ ಎರಡು ಸಲ ಹೇಳಿದಿರೋ ಆಮ್ಲೆಟ್ ಬಂದೀತು. ಮೂರನೆಯದು "ಫಾಲೆಮಿಂದೆರಿತ್", ಧನ್ಯವಾದ. ಹಾಗೇ ಮೆನುವಿನಲ್ಲಿ ದಾಲ್ ಅಂತ ಕೇಳಿಸುವ ಹೆಸರು ಕಂಡರೆ ಬೇಳೆ ಅಂದುಕೊಳ್ಳಬೇಡಿ. ಅದು ಮಜ್ಜಿಗೆ. ಉಪ್ಪು ಹಾಕಿದ, ತಣ್ಣಗಿನ, ಬಹಳ ಒಳ್ಳೆಯ ಮಜ್ಜಿಗೆ.

ಪ್ರ: ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಇರುವ ನಾಡಿನವರು ನೀವು. ಯಾವುದೋ ದೇಶದ ಮೊಸರು ರೊಟ್ಟಿಯನ್ನು ಅಷ್ಟು ಹೊಗಳಬೇಕಾ? ಓದಿ ಸಿಟ್ಟು ಬಂತು.
(ರಾಯಚೂರಿನ ಹಿರಿಯ ಓದುಗರು)

ಉ: ಸಿಟ್ಟು ಬಂದರೂ ಕೂತು ಬರೆದಿರಲ್ಲ ಹಿರಿಯರೆ, ಅದಕ್ಕೆ ನಮಸ್ಕಾರ. ಆದರೆ ನಾನು ಹೊಗಳಿದ್ದು ನಮ್ಮ ಊಟ ಕಡಿಮೆ ಅಂತ ಅಲ್ಲ. ಆ ಮೇಜಿನ ಮೇಲೆ ನಮ್ಮ ನೆಂಟರನ್ನು ಕಂಡ ಹಾಗಾಯಿತು, ಅದಕ್ಕೆ.

ನೋಡಿ, ಅಲ್ಲಿ ಕಚಮಾಕ್ ಅಂತ ಒಂದಿದೆ. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ, ಕೋಲಿನಿಂದ ತಿರುವಿ ತಿರುವಿ ಗಟ್ಟಿ ಮಾಡಿ, ಮೇಲೆ ಬೆಣ್ಣೆ ಸುರಿದು ಕೊಡುತ್ತಾರೆ. ಇದು ನಮ್ಮ ಸಂಗಟಿ ಅಲ್ಲದೆ ಇನ್ನೇನು? ನಮ್ಮಲ್ಲಿ ಬಿಳಿಜೋಳ, ಅವರಲ್ಲಿ ಮೆಕ್ಕೆಜೋಳ. ಅದೂ ನಮ್ಮ ಕೊಪ್ಪಳ, ಬಳ್ಳಾರಿ ಹೊಲಗಳಲ್ಲಿ ಈಗ ಬೇಕಾದಷ್ಟಿದೆ, ಆದರೆ ನಾವು ಅದನ್ನು ಊಟಕ್ಕೆ ಇಟ್ಟುಕೊಳ್ಳಲಿಲ್ಲ, ಕೋಳಿ ಆಹಾರಕ್ಕೆ ಕಳಿಸುತ್ತೇವೆ. ಮೆಕ್ಕೆಜೋಳ, ಮೆಣಸಿನಕಾಯಿ, ಟೊಮೆಟೊ ಮೂರೂ ಅಮೆರಿಕ ಖಂಡದಿಂದ ಬಂದವು. ಅವರಿಗೂ ಪರದೇಶದವು, ನಮಗೂ ಪರದೇಶದವು. ಇವತ್ತು ಮೆಣಸಿನಕಾಯಿ ಬಜ್ಜಿ ಇಲ್ಲದ ಒಗ್ಗಾಣಿಯನ್ನು ಬಳ್ಳಾರಿಯಲ್ಲಿ ಯಾರಾದರೂ ತಿನ್ನುತ್ತಾರಾ? ಹೊರಗಿನಿಂದ ಬಂದದ್ದನ್ನು ನಮ್ಮದು ಮಾಡಿಕೊಂಡವರು ನಾವು. ಬೇರೆಯವರು ಅದೇ ಸಾಮಾನಿನಿಂದ ಏನು ಮಾಡಿಕೊಂಡರು ಅಂತ ನೋಡುವುದರಲ್ಲಿ ನನಗೆ ಬಹಳ ಖುಷಿ.

ಪ್ರ: ನೀವು ಬರೆದ "ತಾವ್ ಕೋಸಿ"ಯ ತಾವ್, ನಮ್ಮ ತವಾ ಎರಡೂ ಒಂದೇನಾ?
(ರಾಯಚೂರು, ನಿವೃತ್ತ ಶಿಕ್ಷಕರು)

ಉ: ಒಂದೇ ಮೇಷ್ಟ್ರೇ! ತಾವ್ ಕೋಸಿ ಅಂದರೆ ಕುರಿ ಮಾಂಸದ ಮೇಲೆ ಮೊಸರು ಸುರಿದು ಓವನ್‌ನಲ್ಲಿ ಬೇಯಿಸುವ ಅಡುಗೆ, ತಾವ್ ಅಂದರೆ ಅದರ ಪಾತ್ರೆ. ಪಾರ್ಸಿಯ ಮಾತು ಟರ್ಕಿಯವರ ಬಾಯಿಂದ ಅಲ್ಬೇನಿಯಾಕ್ಕೆ ಹೋಯಿತು, ಉರ್ದು ಹಿಂದಿಯವರ ಬಾಯಿಂದ ನಮ್ಮಲ್ಲಿಗೆ ಬಂತು. ಅಲ್ಲಿ ನಾಲ್ಕು ನೂರು ವರ್ಷಕ್ಕೂ ಜಾಸ್ತಿ ಒಟ್ಟೊಮನ್ ತುರ್ಕರ ಆಡಳಿತ ಇತ್ತು, 1912ರಲ್ಲಿ ಸ್ವತಂತ್ರರಾದರು. ನಿಮ್ಮ ರಾಯಚೂರು 1948ರ ತನಕ ನಿಜಾಮರ ಕೆಳಗಿತ್ತು. ಹಾಗಾಗಿ ಅಲ್ಲಿ ಬೀದಿಯಲ್ಲಿ ನಡೆದರೆ ರಾಯಚೂರಿನವರಿಗೆ ಬಳ್ಳಾರಿಯವರಿಗಿಂತ ಜಾಸ್ತಿ ಮಾತು ಗೊತ್ತಾಗುತ್ತವೆ ಅನ್ನಿಸಿತು. ಅಂಗಡಿಗೆ ದ್ಯುಕಾನ್, ಜೇಬಿಗೆ ಜೆಪ್, ಪಲಾವಿಗೆ ಪಿಲಾಫ್, ಹಲ್ವಾಕ್ಕೆ ಹಲ್ವ್, ಚಹಾಕ್ಕೆ ಚಾಯ್. ಹಿಸಾಬು ಅಲ್ಲಿ ಹೆಸಾಪ್. ಅವರ ಉತ್ತರದ ಬೆಟ್ಟಗಾಡಿನಲ್ಲಿ ತಲೆತಲಾಂತರದಿಂದ ಬಾಯಿಯಲ್ಲೇ ಉಳಿದುಬಂದ ಕಟ್ಟಳೆಗಳಿಗೆ ಕಾನುನ್ ಅನ್ನುತ್ತಾರೆ, ನಮ್ಮ ಕಾನೂನೇ. ಮನೆ ದೇವರದು ಮತ್ತು ಅತಿಥಿಯದು ಅಂತ ಆ ಕಾನುನ್ ಹೇಳುತ್ತದೆ. ಮನೆಯವನ ಹೆಸರೇ ಇಲ್ಲ ಅದರಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು. ಅಲ್ಬೇನಿಯನ್ ಭಾಷೆಯಲ್ಲಿ ಬೆಟ್ಟಕ್ಕೆ ಮಾಲ್ ಅನ್ನುತ್ತಾರೆ. ನಮ್ಮಲ್ಲಿ ಮಲೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೊಂದಿಕೆ ಆಗಿರುವುದು. ಆದರೂ ಊಟದ ಕೊನೆಗೆ ಬೆಟ್ಟದ ಗಿಡದ ಕಷಾಯ ತಂದು "ಚಾಯ್ ಮಾಲಿ" ಅಂದಾಗ, ಮಲೆಯ ಚಹಾ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಪ್ರ: ಅಲ್ಲಿ ಮುಸ್ಲಿಮರು ಜಾಸ್ತಿ ಅಂತ ಕೇಳಿದ್ದೇನೆ. ಹಾಗಾದರೆ ಎಲ್ಲ ಹೋಟೆಲಿನಲ್ಲೂ ಹಲಾಲ್ ಇರುತ್ತದಲ್ಲವಾ?
(ಬಳ್ಳಾರಿ, ಕೌಲ್‌ಬಜಾರ್)

ಉ: ಹಾಗೆ ಅಂದುಕೊಂಡು ಹೋಗಬೇಡಿ ಭಾಯ್. ಮುಸ್ಲಿಂ ಮನೆತನಗಳು ಹೆಚ್ಚು ಹೌದು, ಕ್ರೈಸ್ತರೂ ಸಾಕಷ್ಟಿದ್ದಾರೆ. ಮದರ್ ತೆರೇಸಾ ಹುಟ್ಟಿದ್ದು ಈಗಿನ ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಯಲ್ಲಾದರೂ ಅಲ್ಬೇನಿಯನ್ ಕ್ಯಾಥೊಲಿಕ್ ಮನೆಯಲ್ಲಿ, ಟಿರಾನಾದ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು. ಆದರೆ 1967ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಮಸೀದಿ, ಚರ್ಚು ಎಲ್ಲವನ್ನೂ ಮುಚ್ಚಿಸಿತು. ಇಪ್ಪತ್ತಕ್ಕೂ ಜಾಸ್ತಿ ವರ್ಷ ಯಾರೂ ಬಹಿರಂಗವಾಗಿ ನಮಾಜು, ಪ್ರಾರ್ಥನೆ ಮಾಡುವ ಹಾಗಿರಲಿಲ್ಲ. ಅದರ ಗುರುತು ಊಟದಲ್ಲೂ ಉಳಿದಿದೆ. ಒಂದೇ ಹೋಟೆಲಿನಲ್ಲಿ ಹಂದಿ ಮಾಂಸವೂ ಇರಬಹುದು, ದ್ರಾಕ್ಷಿಯ ರಾಕಿ ಎಂಬ ಸಾರಾಯಿಯಂತೂ ಕೇಳದೆಯೇ ಮೇಜಿಗೆ ಬರುತ್ತದೆ, ಮರ್ಯಾದೆಗೆ ಅಂತ ಕೊಡುತ್ತಾರೆ. ಬೇಡವಾದರೆ ಎದೆಯ ಮೇಲೆ ಕೈಯಿಟ್ಟು ಬೇಡ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನಮ್ಮವರು ಹಾಗೇ ಮಾಡಿದರು. ಹಲಾಲ್ ಎಂಬ ಮಾತು ಅವರಿಗೂ ಗೊತ್ತು. ಕೇಳಿ, ಹೇಳುತ್ತಾರೆ.

ಪ್ರ: ಖರ್ಚು ಎಷ್ಟಾದೀತು? ಪ್ರವಾಸಿಗರು ಅಂತ ಜಾಸ್ತಿ ತೆಗೆದುಕೊಳ್ಳುತ್ತಾರಾ?
(ಸಿರುಗುಪ್ಪ)

ಉ: ಅವರ ಹಣ ಲೆಕ್. ನಾವು ಹೋದಾಗ ಒಂದು ಯೂರೋಗೆ ಸುಮಾರು 100 ಲೆಕ್. ಇಟಲಿಗಿಂತ ಊಟ ಅಗ್ಗ ಅನ್ನಿಸಿತು. ಆದರೆ ಎರಡು ಕಡೆ ಎಚ್ಚರ ಬೇಕು.

ಒಂದು, ಹಳೇ ಲೆಕ್ಕ. 1965ರಲ್ಲಿ ಅವರ ಸರ್ಕಾರ ಹತ್ತು ಹಳೇ ಲೆಕ್‌ಗೆ ಒಂದು ಹೊಸ ಲೆಕ್ ಅಂತ ಮಾಡಿತು. ಆಗಿ ಅರವತ್ತು ವರ್ಷ. ಆದರೂ ಬಾಯಲ್ಲಿ ಹೇಳುವಾಗ ಎಷ್ಟೋ ಜನ ಇನ್ನೂ ಹಳೇ ಲೆಕ್ಕದಲ್ಲೇ ಹೇಳುತ್ತಾರೆ. 500 ಲೆಕ್‌ನ ಸಾಮಾನಿಗೆ ಐದು ಸಾವಿರ ಅನ್ನುತ್ತಾರೆ. ಮೋಸ ಅಂದುಕೊಳ್ಳಬೇಡಿ. ನಮ್ಮ ಅಜ್ಜಂದಿರು ಪೈಸೆ ಬಂದ ಮೇಲೂ ನಾಲ್ಕಾಣೆ, ಎಂಟಾಣೆ ಅನ್ನುತ್ತಿರಲಿಲ್ಲವಾ, ಅದೇ ಥರ. ಕಾಗದದ ಮೇಲೆ ಬರೆದು ತೋರಿಸಿ ಅಂದರೆ ಸರಿಯಾದದ್ದು ಬರೆಯುತ್ತಾರೆ.

ಎರಡನೆಯದು ನಮಗೆ ಆದದ್ದು. ದಾಯ್ತಿಯಲ್ಲಿ ಅಲ್ಲ, ಬೇರೆ ಒಂದು ಬೆಟ್ಟದ ದಾರಿಯಲ್ಲಿ, ಹೆಸರು ಬೇಡ. ಕೆಂಡದ ಮೇಲೆ ಸುಟ್ಟ ಕುರಿಮರಿಯ ಮಾಂಸಕ್ಕೆ ಮೆನುವಿನಲ್ಲಿ ಬರೆದ ದರ ಕಿಲೋಗೆ. ನಾವು ತಟ್ಟೆಗೆ ಅಂದುಕೊಂಡೆವು. ಮೂವರಿಗೆ ಬೇಕು ಅಂದದ್ದಕ್ಕೆ ಅವರು ಧಾರಾಳವಾಗಿ ಎರಡು ಕಿಲೋಗೆ ಹತ್ತಿರ ತೂಗಿ ತಂದರು. ಬಿಲ್ ನೋಡಿ ತಂಗಿಯ ಮಗ ಮಾತಾಡಲಿಲ್ಲ. ಅಲ್ಲಿ ಮಾಂಸ ಕಿಲೋ ಲೆಕ್ಕದಲ್ಲಿ ಮಾರುವುದು ಸಾಮಾನ್ಯ, ಆದರೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ನೀವು "ಅರ್ಧ ಕಿಲೋ" ಅಂತ ಮೊದಲೇ ಹೇಳಿಬಿಡಿ. ಉಳಿದದ್ದನ್ನು ಕಟ್ಟಿಕೊಡಿ ಅಂದರೆ ಕಟ್ಟಿಕೊಡುತ್ತಾರೆ, ನಾವೂ ಕಟ್ಟಿಸಿಕೊಂಡೆವು, ರಾತ್ರಿ ಊಟ ಅದರಲ್ಲೇ ಆಯಿತು.

ಪ್ರ: ಅಲ್ಬೇನಿಯಾದವರು ಹೌದು ಅನ್ನಲು ತಲೆ ಅಡ್ಡ ಆಡಿಸುತ್ತಾರೆ ಅಂತ ನಮ್ಮ ಸರ್ ಹೇಳಿದರು. ನಿಜವಾ ಆಂಟಿ? ಮತ್ತೆ ಫೋಟೋದಲ್ಲಿ ಕಂಡ ಸಿಮೆಂಟಿನ ಗುಮ್ಮಟಗಳು ಏನು?
(ಮಾನ್ವಿ, 9ನೇ ತರಗತಿ)

ಉ: ನಿಜ ಪುಟ್ಟಾ. ಹಳಬರು ಹೌದು ಅನ್ನಲು ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತಾರೆ, ಬೇಡ ಅನ್ನಲು ಮೇಲೆ ಕೆಳಗೆ. ಹೊಸ ಹುಡುಗರು ಎಲ್ಲರ ಹಾಗೆಯೇ ಮಾಡುವುದೂ ಉಂಟು. ನಾವಂತೂ ಎಲ್ಲದಕ್ಕೂ ತಲೆಯನ್ನು ಅತ್ತಿತ್ತ ಓಲಾಡಿಸುವವರು, ಹಾಗಾಗಿ ಅವರಿಗೆ ನಾವು ಬಹಳ ಒಪ್ಪುವ ಜನ ಅನ್ನಿಸಿರಬೇಕು. ಬಡಿಸುತ್ತಲೇ ಇದ್ದರು. ಬಾಯಲ್ಲಿ "ಪೋ" ಅಂದರೆ ಹೌದು, "ಯೋ" ಅಂದರೆ ಇಲ್ಲ. ಅದನ್ನೇ ಹೇಳು, ತಲೆ ಸುಮ್ಮನಿರಲಿ.

ಆ ಗುಮ್ಮಟಗಳು ಬಂಕರ್. ಎನ್ವರ್ ಹೊಜಾ ಎಂಬ ಕಮ್ಯುನಿಸ್ಟ್ ಆಡಳಿತಗಾರ ಹೊರಗಿನವರು ದಾಳಿ ಮಾಡುತ್ತಾರೆ ಅಂತ ಹೆದರಿ ದೇಶದ ತುಂಬ 1 ಲಕ್ಷ 70 ಸಾವಿರಕ್ಕೂ ಜಾಸ್ತಿ ಕಟ್ಟಿಸಿದ. ದಾಳಿ ಆಗಲೇ ಇಲ್ಲ. ಅವನು 1985ರಲ್ಲಿ ತೀರಿಕೊಂಡ. ದಾಯ್ತಿ ಕೇಬಲ್ ಕಾರ್‌ನ ಕೆಳ ನಿಲ್ದಾಣದ ಹತ್ತಿರವೇ ಒಂದು ದೊಡ್ಡ ನೆಲದಡಿಯ ಬಂಕರ್ ಈಗ ಮ್ಯೂಸಿಯಂ ಆಗಿದೆ. ಆ ಕಾಲದಲ್ಲಿ ಸಾಮಾನ್ಯ ಜನ ಸ್ವಂತ ಕಾರು ಇಟ್ಟುಕೊಳ್ಳುವ ಹಾಗಿರಲಿಲ್ಲ, ಸ್ವಂತ ಹೋಟೆಲು ಇಡುವ ಹಾಗೂ ಇರಲಿಲ್ಲ. ಅಂದರೆ ಬೆಟ್ಟದ ಮೇಲೆ ಒಂದು ಮನೆಯವರು ತಮ್ಮ ಹೋಟೆಲಿನಲ್ಲಿ ನಮಗೆ ಊಟ ಹಾಕಿದರಲ್ಲ, ಅದು ಅಲ್ಲಿ ಮೂವತ್ತೈದು ವರ್ಷದೀಚಿನ ಮಾತು.

ಪ್ರ: ತಾವ್ ಕೋಸಿ ಮನೆಯಲ್ಲಿ ಮಾಡುವುದು ಹೇಗೆ? ನಮ್ಮನೆಯಲ್ಲಿ ಚಿಕ್ಕ ಓವನ್ ಇದೆ. ಸಸ್ಯಾಹಾರಿಗಳಿಗೂ ಏನಾದರೂ ಹೇಳಿ.
(ಬಳ್ಳಾರಿ, ಗಾಂಧಿನಗರ, ಕುರುಗೋಡು, ಗಂಗಾವತಿ)

ಉ: ಎಲ್ಲಕ್ಕಿಂತ ಜಾಸ್ತಿ ಬಂದ ಪ್ರಶ್ನೆ ಇದೇ. ಮನೆಗೆ ಬಂದ ಮೇಲೆ ನಾಲ್ಕು ಸಲ ಮಾಡಿದ್ದೇನೆ. ಮೊದಲ ಸಲ ಮೊಸರು ಒಡೆದು ನೀರಾಯಿತು. ಈಗ ಸರಿ ಬರುತ್ತದೆ.

ಅರ್ಧ ಕಿಲೋ ಎಳೇ ಕುರಿ ಮಾಂಸ, ಮೂಳೆ ಇರಲಿ. ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಬೆಳ್ಳುಳ್ಳಿಯ ನಾಲ್ಕೈದು ಎಸಳು, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಅರಿಶಿನ, ಖಾರದ ಪುಡಿ, ಗರಂ ಮಸಾಲೆ ಯಾವುದೂ ಬೇಡ. ಕೈ ತಡೆಯುವುದು ಕಷ್ಟ, ಗೊತ್ತು, ಆದರೂ ಬೇಡ. ಬೆಂದ ಮಾಂಸವನ್ನು ಓವನ್ ಪಾತ್ರೆಯಲ್ಲಿ ಹರಡಿ, ಎರಡು ಚಮಚ ತೊಳೆದ ಅಕ್ಕಿ, ಮಾಂಸ ಬೆಂದ ನೀರು ಒಂದು ಲೋಟ ಹಾಕಿ.

ಇನ್ನು ಮೊಸರು. 50 ಗ್ರಾಂ ಬೆಣ್ಣೆ ಕರಗಿಸಿ, ಮೂರು ಚಮಚ ಮೈದಾ ಹಾಕಿ ಹಸಿ ವಾಸನೆ ಹೋಗುವ ತನಕ ಸಣ್ಣ ಉರಿಯಲ್ಲಿ ಹುರಿದು ಕೆಳಗಿಳಿಸಿ. ಅದು ಆರಿದ ಮೇಲೆ ಮುಕ್ಕಾಲು ಕಿಲೋ ಗಟ್ಟಿ ಮೊಸರು, ಮೂರು ಮೊಟ್ಟೆ, ಉಪ್ಪು ಸೇರಿಸಿ ಗಂಟಿಲ್ಲದ ಹಾಗೆ ಕಡೆಯಿರಿ. ಮೊಸರು ಫ್ರಿಜ್ಜಿನಿಂದ ತೆಗೆದ ಹಾಗೇ ಹಾಕಬೇಡಿ, ತಣ್ಣಗಿನದು ಹೋಗಲಿ. ನಾನು ಮೊದಲ ಸಲ ತಪ್ಪಿದ್ದು ಇಲ್ಲಿಯೇ, ಮೈದಾವನ್ನೂ ಕಡಿಮೆ ಹಾಕಿದ್ದೆ. ನಾವು ಮಜ್ಜಿಗೆ ಸಾರಿಗೆ ಕಡಲೆಹಿಟ್ಟು ಯಾಕೆ ಕಲಸುತ್ತೇವೆ? ಕುದಿಯುವಾಗ ಒಡೆಯದಿರಲಿ ಅಂತ. ಇಲ್ಲಿ ಮೈದಾ ಮಾಡುವ ಕೆಲಸವೂ ಅದೇ. ಮೊಟ್ಟೆಯಿಂದ ಮೊಸರು ಉಬ್ಬಿ ಗಟ್ಟಿಯಾಗುತ್ತದೆ. ಇದನ್ನು ಮಾಂಸದ ಮೇಲೆ ಸುರಿದು 180 ಡಿಗ್ರಿಯಲ್ಲಿ 45 ನಿಮಿಷ ಇಡಿ. ಮೇಲೆ ಅಲ್ಲಲ್ಲಿ ಕಂದು ಬಣ್ಣ ಬಂದರೆ ಆಯಿತು. ತೆಗೆದ ತಕ್ಷಣ ಕುಯ್ಯಬೇಡಿ, ಹತ್ತು ನಿಮಿಷ ಬಿಡಿ. ಇದು ಮೂಲತಃ ಎಲ್ಬಾಸಾನ್ ಎಂಬ ಊರಿನ ಅಡುಗೆ, ತಾವ್ ಎಲ್ಬಾಸಾನಿ ಅಂತಲೂ ಕರೆಯುತ್ತಾರೆ. ನಮ್ಮ ಯಜಮಾನರು ಇದನ್ನು ಜೋಳದ ರೊಟ್ಟಿ ಜೊತೆ ತಿನ್ನುತ್ತಾರೆ, ಚೆನ್ನಾಗಿಯೇ ಹೊಂದುತ್ತದೆ.

ಮೊಟ್ಟೆ ಬಿಟ್ಟರೆ ಇದು ಆಗುವುದಿಲ್ಲ. ಸಸ್ಯಾಹಾರಿಗಳು ಫರ್ಗೆಸ್ ಮಾಡಿ. ನಾಲ್ಕು ದೊಣ್ಣೆ ಮೆಣಸಿನಕಾಯಿ, ಕೆಂಪು ಸಿಕ್ಕರೆ ಒಳ್ಳೆಯದು, ಬದನೆಕಾಯಿ ಸುಡುವ ಹಾಗೆ ಉರಿಯ ಮೇಲೆ ಸುಟ್ಟು, ಸಿಪ್ಪೆ ತೆಗೆದು ಹೆಚ್ಚಿ. ಬೆಣ್ಣೆಯಲ್ಲಿ ಒಂದು ಉಳ್ಳಾಗಡ್ಡಿ, ನಾಲ್ಕು ಹಣ್ಣು ಟೊಮೆಟೊ ಕರಗಿಸಿ ಮೆಣಸಿನಕಾಯಿ ಸೇರಿಸಿ. ಒಂದು ಚಮಚ ಮೈದಾ ಉದುರಿಸಿ. 200 ಗ್ರಾಂ ಪನೀರನ್ನು ಕೈಯಲ್ಲಿ ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಹುಳಿ ಮೊಸರು ಮೂರು ಚಮಚ ಕಲಸಿ ಹಾಕಿ. ಗ್ಯೀಜ್‌ನ ಹುಳಿ ಉಪ್ಪು ರುಚಿ ಹತ್ತಿರ ಹತ್ತಿರ ಬರುತ್ತದೆ. ಐದು ನಿಮಿಷ ಕುದಿಸಿದರೆ ಸಾಕು.

ಪ್ರ: ಅಷ್ಟು ದೂರ ಹೋಗಲು ನಮಗಾಗದು. ನಮ್ಮ ಕಡೆ ಬೆಟ್ಟದ ಮೇಲೆ ಕೂತು ಉಣ್ಣುವ ಅಂಥ ಜಾಗ ಇದೆಯಾ?
(ಕಂಪ್ಲಿ)

ಉ: ಅಲ್ಬೇನಿಯಾ ಊಟದ ಹೋಟೆಲು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರು ಜಿಲ್ಲೆಯಲ್ಲಿ ನಾನು ಕಂಡಿಲ್ಲ. ಬೆಟ್ಟಕ್ಕೇನು ಕಡಿಮೆ? ಮಳೆಗಾಲ ಮುಗಿಯುವ ಹೊತ್ತಿಗೆ ಸಂಡೂರಿಗೆ ಹೋಗಿ. ಕುಮಾರಸ್ವಾಮಿ ದೇವಸ್ಥಾನದ ದಾರಿಯಲ್ಲಿ ಗುಡ್ಡ ಪೂರ್ತಿ ಹಸಿರಾಗಿರುತ್ತದೆ, ಮೋಡ ಕೈಗೆ ಸಿಗುವ ಹಾಗೆ ಇಳಿದಿರುತ್ತದೆ. ಆನೆಗೊಂದಿ ಕಡೆಯ ಅಂಜನಾದ್ರಿಗೆ 575 ಮೆಟ್ಟಿಲು, ಮೇಲಿನಿಂದ ತುಂಗಭದ್ರೆ, ಭತ್ತದ ಗದ್ದೆ, ಹಂಪಿಯ ಬಂಡೆಗಳು ಎಲ್ಲ ಕಾಣುತ್ತವೆ. ಅದು ದೇವರ ಜಾಗ, ಬುತ್ತಿಯನ್ನು ಕೆಳಗೆ ಬಂದು ಬಿಚ್ಚಿ. ರೊಟ್ಟಿ, ಗಟ್ಟಿ ಮೊಸರು, ಸುಟ್ಟ ದೊಣ್ಣೆ ಮೆಣಸಿನಕಾಯಿ ಒಂದು ಡಬ್ಬಿ ತೆಗೆದುಕೊಂಡು ಹೋಗಿ ನೋಡಿ. ಪ್ಲಾಸ್ಟಿಕ್ ಮಾತ್ರ ವಾಪಸ್ ತನ್ನಿ, ದಯವಿಟ್ಟು. ಆ ಗುಡ್ಡಗಳ ಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರ: ನಮ್ಮ ಅವ್ವನಿಗೆ 72 ವರ್ಷ, ಮೊಣಕಾಲು ನೋವು. ಹೊರಗಿನ ಊಟ ಹಿಡಿಸುವುದಿಲ್ಲ. ನಿಮ್ಮ ಅವ್ವನನ್ನು ಬೆಟ್ಟಕ್ಕೆ ಹೇಗೆ ಕರೆದುಕೊಂಡು ಹೋದಿರಿ?
(ಕುಷ್ಟಗಿ)

ಉ: ಕರೆದುಕೊಂಡು ಹೋಗಿ ತಂಗೀ. ಮೆಟ್ಟಿಲು ಹತ್ತುವುದಿಲ್ಲ, ಕೇಬಲ್ ಕಾರ್‌ನಲ್ಲಿ ಕೂತರೆ ಆಯಿತು. ಹತ್ತುವಾಗ ಇಳಿಯುವಾಗ ಅದು ಪೂರ್ತಿ ನಿಲ್ಲುವುದಿಲ್ಲ, ನಿಧಾನಕ್ಕೆ ಸರಿಯುತ್ತಿರುತ್ತದೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಇದ್ದು ಕೈ ಹಿಡಿಯಿರಿ. ಬೇಸಿಗೆಯಲ್ಲೂ ಮೇಲೆ ಗಾಳಿ ತಣ್ಣಗೆ, ಶಾಲು ಬೇಕು. ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಕೊನೆಯದು ಎಷ್ಟು ಗಂಟೆಗೆ ಅಂತ ಹತ್ತುವ ಮೊದಲೇ ಕೇಳಿಟ್ಟುಕೊಳ್ಳಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಊಟದ ವಿಷಯ. ನಮ್ಮ ಅವ್ವ ಬಳ್ಳಾರಿಯಿಂದಲೇ ಶೇಂಗಾ ಚಟ್ನಿ ಪುಡಿಯ ಒಂದು ಸ್ಟೀಲ್ ಡಬ್ಬಿ ಸೀರೆಯ ನಡುವೆ ಸುತ್ತಿಕೊಂಡು ಬಂದಿದ್ದಳು. ಆ ಹೋಟೆಲಿನ ಹಿತ್ತಲಲ್ಲಿ ಅವಳಷ್ಟೇ ವಯಸ್ಸಿನ ಒಬ್ಬರು ಫ್ಲಿ ಮಾಡುತ್ತಿದ್ದರು. ಫ್ಲಿ ಅಂದರೆ ದೋಸೆ ಹಿಟ್ಟಿನ ಹದದ ಗೋಧಿ ಹಿಟ್ಟನ್ನು ದೊಡ್ಡ ತಟ್ಟೆಯಲ್ಲಿ ಗೆರೆ ಗೆರೆಯಾಗಿ ಸುರಿದು, ಸಾಚ್ ಎಂಬ ಕಬ್ಬಿಣದ ಮುಚ್ಚಳವನ್ನು ಕೆಂಡದಲ್ಲಿ ಕಾಯಿಸಿ ಮೇಲೆ ಮುಚ್ಚುವುದು. ಒಂದು ಪದರ ಬೆಂದರೆ ಕೆನೆ ಸವರಿ ಇನ್ನೊಂದು ಪದರ. ಹೀಗೆ ಹತ್ತಾರು ಪದರ, ಗಂಟೆಗಟ್ಟಲೆ ಕೆಲಸ. ಅವ್ವ ಎದ್ದು ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮೋಡ ಕವಿದಿದ್ದ ಆ ಎರಡು ಗಂಟೆಯಲ್ಲಿ ಮುಕ್ಕಾಲು ಹೊತ್ತು ಅವಳು ಅಲ್ಲೇ. ಇವಳದು ಕನ್ನಡ, ಅವರದು ಅಲ್ಬೇನಿಯನ್. ಮುಚ್ಚಳ ಎತ್ತುವಾಗ ಕೆಂಡ ಜಾರದ ಹಾಗೆ ಹೇಗೆ ಹಿಡಿಯಬೇಕು ಅಂತ ಅವರು ತೋರಿಸಿದರು, ಇವಳು ಒಂದು ಸಲ ಎತ್ತಿದಳು.

ಊಟಕ್ಕೆ ಕೂತಾಗ ಅವ್ವ ಡಬ್ಬಿ ತೆಗೆದು ಆ ಅಜ್ಜಿಗೂ ಒಂದು ಚಮಚ ಕೊಟ್ಟಳು. ಖಾರ ಅಂತ ಕೈಸನ್ನೆ ಮಾಡಿ ಹೇಳಿದೆವು. ಅವರು ನಾಲಿಗೆಗೆ ತಾಗಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಕ್ಕೆಜೋಳದ ರೊಟ್ಟಿ ಮುರಿದು, ಮೊಸರಲ್ಲಿ ಅದ್ದಿ, ಅದರ ಮೇಲೆ ಪುಡಿ ಉದುರಿಸಿಕೊಂಡು ತಿಂದರು. ಹಾಗೆ ತಿನ್ನಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಇಳಿಯುವಾಗ ಅವ್ವನ ಚೀಲದಲ್ಲಿ ಒಂದು ಕಟ್ಟು ಒಣಗಿದ ಬೆಟ್ಟದ ಚಹಾ ಇತ್ತು. ಡಬ್ಬಿ ಅಲ್ಲೇ ಉಳಿಯಿತು.